ಕಾಕಿಯ ಎಡಗೆನ್ನೆ

ಹೋದ ತಿಂಗಳು ದವಡೆಹಲ್ಲು ಕೀಳಿಸಿಕೊಂಡ ಮೇಲೆ ಬೂರುಗದ ಹತ್ತಿಯ ತಲೆದಿಂಬೊಂದನ್ನು ಕೊಂಡೆ. ಅಂಗಡಿಯವನು ಆರು ನೂರು ಹೇಳಿದ, ನಾಲ್ಕು ನೂರಕ್ಕೆ ಇಳಿಸಿದೆ. ಊದಿದ ಕೆನ್ನೆಗೆ ಗಟ್ಟಿ ದಿಂಬು ತಾಗಿದರೆ ಜೀವ ಹೋಗುತ್ತಿತ್ತು. ಇಲ್ಲದಿದ್ದರೆ ಅಷ್ಟನ್ನೂ ಕೊಡುವವನಲ್ಲ ನಾನು. ಕೊಳ್ಳುವ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಕುಣಿ ಬಿತ್ತು, ಮೆಲ್ಲಗೆ ತುಂಬಿಕೊಂಡಿತು. ಆಗ ಬಾಜೂಮನೆಯ ಕಾಕಿ ನೆನಪಾದಳು...

ಎಂಬತ್ತರ ದಶಕದ ಮಾತು. ನಮ್ಮದು ನವಲಗುಂದದ ಊರಾಚೆಯ ಓಣಿ. ಕಾಕಿಗೆ ಮದುವೆಯಾಗಿರಲಿಲ್ಲ, ತಾಯಿ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಚಿಕ್ಕಂದಿನಲ್ಲಿ ಎಡಗೆನ್ನೆಯಲ್ಲಿ ಕೀವು ತುಂಬಿತ್ತಂತೆ. ಗಾಯ ಮಾಯ್ದರೂ ಒಳಗಿನ ಕೊಬ್ಬು ಕರಗಿ ಒಂದು ಕುಣಿ ಉಳಿದಿತ್ತು. ಒಬ್ಬಳೇ ಎಂದರೂ ಮನೆ ಖಾಲಿ ಇರುತ್ತಿರಲಿಲ್ಲ. ಶಾವಿಗೆ ಹೊಸೆಯಲು ಓಣಿಯ ಹೆಂಗಸರೆಲ್ಲ ಅವಳ ಪಡಸಾಲೆಗೇ ಬರುತ್ತಿದ್ದರು. ಎದ್ದು ಹೋಗುವಾಗ ಹಿರಿಯರು ಅವಳ ಎರಡೂ ಕೆನ್ನೆ ಸವರಿ, ಬೆರಳುಗಳನ್ನು ತಮ್ಮ ಹಣೆಯ ಬದಿಗೆ ಒತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಿದ್ದರು. ನಮ್ಮಲ್ಲಿ ಪ್ರೀತಿ ತೋರಿಸುವ ರೀತಿಯೇ ಅದು.

"ಒಂದ ಕೈ ಗಲ್ಲಕ್ಕ ಹತ್ತತೈತಿ, ಇನ್ನೊಂದು ಕುಣ್ಯಾಗ ಬೀಳತೈತಿ. ಬಿದ್ದ ಕೈ ಲಗೂನ ಹಿಂದ ಸರೀತೈತಿ, ನೋಡೀಯೇನು?" ಎಂದು ಒಮ್ಮೆ ನನ್ನನ್ನು ಕೇಳಿದಳು. ಅವಳಿಗೆ ಚಂದ ಕಾಣುವುದು ಬೇಕಿರಲಿಲ್ಲ. ಆ ಕೈ ಹಿಂದೆ ಸರಿಯದಿದ್ದರೆ ಸಾಕಿತ್ತು.

ನಾನಾಗ ಹುಬ್ಬಳ್ಳಿಯಿಂದ ಪಾತ್ರೆ ತಂದು ಸಂತೆಗಳಲ್ಲಿ ಮಾರುತ್ತಿದ್ದೆ. ಆ ಕುಣಿ ತುಂಬಿಸಿಕೊಳ್ಳಲು ಅಲ್ಲಿಯ ಆಸ್ಪತ್ರೆಗೆ, ಮಾತು ಬಲ್ಲವನೆಂದು, ನನ್ನನ್ನೇ ಕರೆದುಕೊಂಡು ಹೋದಳು. ಹೊಟ್ಟೆಯ ಕೆಳಭಾಗದಿಂದ ಕೊಬ್ಬು ತೆಗೆದು ಕೆನ್ನೆಯೊಳಗೆ ಕೂಡಿಸುತ್ತೇನೆ ಎಂದರು ಡಾಕ್ಟರು. ನಾನು ಸುಮ್ಮನಿರಲಿಲ್ಲ. "ಸಾಹೇಬ್ರ, ಹೆಂಗೂ ಕೊಯ್ಯಾಕತ್ತೀರಿ, ಒಂದೀಟು ಕೊಸರು ಹಾಕ್ರಿ" ಎಂದೆ.

ಡಾಕ್ಟರು ನಕ್ಕರು. "ಇದೇನು ಸಂತಿ ಅಲ್ಲ ತಮ್ಮಾ. ಒಂದಿಷ್ಟು ಕರಗೇ ಕರಗತೈತಿ, ಅದಕ್ಕ ತಕ್ಕಷ್ಟು ನಾನ ಜಾಸ್ತಿ ಹಾಕ್ತೀನಿ. ಅದರ ಮ್ಯಾಲೂ ದಪ್ಪ ಮಾಡಿದ್ರ ನಡುವಿನ ಕೊಬ್ಬಿಗೆ ರಕ್ತ ಮುಟ್ಟೂದಿಲ್ಲ, ಸಾಯತೈತಿ."

ಆಮೇಲೆ ಕಾಕಿಯತ್ತ ತಿರುಗಿ ಬಿಡಿಸಿ ಹೇಳಿದರು. ಕಿತ್ತು ನೆಟ್ಟ ಸಸಿಯ ಹಾಗೆ ಅದು. ಕೆನ್ನೆಯ ಸಣ್ಣ ರಕ್ತನಾಳಗಳಿಂದ ರಕ್ತ ಅದರೊಳಕ್ಕೆ ಹರಿಯುವ ತನಕ ಒತ್ತಬಾರದು, ಶಾಖ ಕೊಡಬಾರದು, ಆ ಮಗ್ಗುಲಿಗೆ ಮಲಗಬಾರದು, ಹೆಚ್ಚು ಮಾತಾಡಬಾರದು. ತಂಬಾಕು ರಕ್ತನಾಳವನ್ನು ಬಿಗಿಯುತ್ತದೆ, ಅದಂತೂ ಬೇಡವೇ ಬೇಡ. ಕಾಕಿ ತಂಬಾಕಿನ ಚೀಲವನ್ನು ಆಸ್ಪತ್ರೆಯ ಬಾಗಿಲಲ್ಲೇ ಒಗೆದಳು.

ಆಪರೇಷನ್ ಮುಗಿಸಿಕೊಂಡು ಅವಳು ಊರಿಗೆ ಬಂದಾಗ ನಾನು ಕಲಘಟಗಿ ಕಡೆಯ ಸಂತೆಗಳಿಗೆ ಹೋಗಿದ್ದೆ. ನಡೆದದ್ದನ್ನು ನನ್ನ ಅವ್ವ ಹೇಳಿದಳು. ಓಣಿಯ ದೊಡ್ಡವ್ವ, ಎಲ್ಲರಿಗೂ ಹಿರಿಯಳು, ಒಳಗೆ ಬಂದವಳೇ ಎರಡೂ ಕೈ ಚಾಚಿದಳು. ಕಾಕಿ ಅವಳ ಮಣಿಕಟ್ಟುಗಳನ್ನು ನಡುವೆಯೇ ಹಿಡಿದು, ಹಲ್ಲು ಬಿಚ್ಚದೆ, "ಮುಟ್ಟಬ್ಯಾಡ್ರಿ" ಎಂದಳು.

"ಯಾಕ ಬೇ, ನಮ್ಮ ಕೈಗೂ ಮೈಲಿಗಿ ಹತ್ತಿತೇನು ಈಗ?" ಎಂದಳಂತೆ ದೊಡ್ಡವ್ವ.

ಕಾಕಿ ತಲೆಯಲ್ಲಾಡಿಸಿದಳು. ವಿವರಿಸುವಷ್ಟು ಬಾಯಿ ತೆರೆಯುವಂತಿರಲಿಲ್ಲ. ಮುಟ್ಟಬೇಡ ಎಂಬ ಮಾತನ್ನು ನಮ್ಮ ಓಣಿ ಊರಿನವರ ಬಾಯಿಂದ ಅಜ್ಜ ಮುತ್ತಜ್ಜರ ಕಾಲದಿಂದ ಕೇಳಿತ್ತು. ತನ್ನವಳ ಬಾಯಿಂದ ಕೇಳಿದ್ದು ಅದೇ ಮೊದಲು. ದೊಡ್ಡವ್ವ ಎದ್ದಳು, ಉಳಿದವರೂ ಎದ್ದರು.

ನಾನು ಬಂದ ಮೇಲೆ ಮನೆ ಮನೆಗೆ ಹೋಗಿ ಹೇಳಿದೆ. ಡಾಕ್ಟರ ಮಾತು, ಕೊಬ್ಬು, ರಕ್ತ, ಸಸಿ, ಎಲ್ಲ. "ಆಗಲಿ ಬಿಡೋ, ಆರಾಮಾಗಲಿ" ಎಂದರು. ತೂತುಬಿದ್ದ ಕೊಡವನ್ನೂ ಮಾರಬಲ್ಲ ನನ್ನಿಂದ ಅದೊಂದು ಮಾತು ಮಾರಲಾಗಲಿಲ್ಲ. ಆ ವರ್ಷ ಶಾವಿಗೆ ದೊಡ್ಡವ್ವನ ಪಡಸಾಲೆಯಲ್ಲಿ ಹೊಸೆದರು.

ಕೊಬ್ಬು ಮಾತ್ರ ಹಿಡಿಯಿತು. ಒಂದಿಷ್ಟು ಕರಗಿತು, ಉಳಿದದ್ದು ನಿಂತಿತು. ಕೆಲವು ತಿಂಗಳ ಮೇಲೆ ಡಾಕ್ಟರು ಒತ್ತಿ ನೋಡಿ, "ಇನ್ನ ಇದು ನಿಂದೇ ಆತವಾ, ಯಾರರ ಮುಟ್ಟಲಿ" ಎಂದರು. ಅಂದಿನಿಂದ ಕಾಕಿ ಬಾಗಿಲಿಗೆ ಎಡಗೆನ್ನೆ ತೋರಿಸಿ ಕೂರುತ್ತಿದ್ದಳು... ಬಂದವರು ಹೊಸ್ತಿಲಲ್ಲೇ ನಿಂತು, ಮಾತಾಡಿಸಿ, ಕೈಗಳನ್ನು ಸೆರಗಿನೊಳಗೇ ಇಟ್ಟುಕೊಂಡು ಹೋಗುತ್ತಿದ್ದರು.

ಒಂದು ಸಂಜೆ ಹಾಲು ಕೊಡಲೆಂದು ಹೋದೆ. ಕಾಕಿ ಕನ್ನಡಿಯ ಮುಂದೆ ತನ್ನ ಎರಡೂ ಕೆನ್ನೆಗಳನ್ನು ತಾನೇ ಸವರಿಕೊಂಡು, ಬೆರಳುಗಳನ್ನು ಹಣೆಗೆ ಒತ್ತಿದಳು. ಒಂದೂ ನೆಟಿಗೆ ಮುರಿಯಲಿಲ್ಲ. ನಾನು ಹಾಲನ್ನು ಕಟ್ಟೆಯ ಮೇಲಿಟ್ಟು ಬಂದೆ.

ಆಮೇಲೆ ಅವಳು ಕಲಘಟಗಿ ಕಡೆಯ ತಂಬೂರಿನಲ್ಲಿದ್ದ ತನ್ನ ಅಕ್ಕನ ಮನೆಗೆ ಹೋದಳು. ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಮಣ್ಣೂ ಆಗಿಹೋಗಿತ್ತು.

ಈಗ ಕೊಬ್ಬನ್ನು ಸೂಜಿಯಿಂದ ಹನಿಹನಿಯಾಗಿ ತುಂಬುತ್ತಾರಂತೆ. ಒತ್ತಬೇಡಿ, ತಂಬಾಕು ಬೇಡ ಎನ್ನುವುದು ಈಗಲೂ ಇದೆ. ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಮಾಡಿಸುವುದಿದ್ದರೆ ನನ್ನದೊಂದು ಮಾತು ಕೇಳಿ. ಆಸ್ಪತ್ರೆಗೆ ಹೋಗುವ ಮೊದಲೇ ಓಣಿಯ ಹೆಂಗಸರನ್ನು ಕರೆದು, ಚಹಾ ಕೊಟ್ಟು, ಯಾಕೆ ಮುಟ್ಟಬಾರದು ಎಂಬುದನ್ನು ತಿಳಿಸಿ ಹೇಳಿ. ಎಂದಿನಿಂದ ಮುಟ್ಟಬಹುದು ಎಂಬುದನ್ನೂ ಡಾಕ್ಟರನ್ನು ಕೇಳಿಕೊಳ್ಳಿ. ಆ ದಿನ ಬಂದಾಗ ಮನೆಯಲ್ಲಿ ಕಾಯುತ್ತ ಕೂರಬೇಡಿ. ಹಿರಿಯಳೊಬ್ಬಳ ಬಾಗಿಲಿಗೆ ಹೋಗಿ, ಅವಳ ಎರಡೂ ಕೈ ಹಿಡಿದು ನಿಮ್ಮ ಕೆನ್ನೆಗೆ ನೀವೇ ಇಟ್ಟುಕೊಳ್ಳಿ.