ಸುಮಿತ್ರಾ ಖಾಲಿ ಬಿಟ್ಟ ಜಾಗ

ಸುಮಿತ್ರಾ ಅವರಿಗೆ ಹಾಡು ಕಟ್ಟುವ ಚಾಳಿ ಯಾವಾಗ ಅಂಟಿಕೊಂಡಿತು ಎಂದು ಕೇಳಿದರೆ ಗಂಡ ನಾರಾಯಣಸ್ವಾಮಿ ತಡಮಾಡದೆ ಹೇಳುತ್ತಾರೆ: "ದೆಹಲಿಗೆ ಬಂದ್ಮೇಲೆ. ನನ್ನ ಜೊತೆ ಮಾತಾಡಿ ಬೇಜಾರಾಗಿ." ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರನ್ನು ಮದುವೆಯಾಗಿ ಸುಮಿತ್ರಾ ಮೈಸೂರಿನಿಂದ ಆರ್.ಕೆ.ಪುರಂನ ಕ್ವಾರ್ಟರ್ಸಿಗೆ ಬಂದಿದ್ದರು. ಅಲ್ಲಿ ಕನ್ನಡದವರು ಇರಲಿಲ್ಲವೆಂದಲ್ಲ. ಇದ್ದವರೆಲ್ಲ ವರ್ಗಾವಣೆ, ಬಡ್ತಿ, ತುಟ್ಟಿಭತ್ಯೆ ಬಿಟ್ಟು ಬೇರೆ ಮಾತೇ ಎತ್ತುತ್ತಿರಲಿಲ್ಲ. ಚಳಿಗಾಲದ ಬಿಸಿಲಿನಲ್ಲಿ ಬಟಾಣಿ ಸುಲಿಯುತ್ತ ಕೂತವರಿಗೆ ಒಂದು ದಿನ ರಾಗವೊಂದು ನಾಲಗೆಗೆ ಬಂತು, ರಾಗಕ್ಕೆ ಮಾತು ಕೂಡಿತು, ಮಾತು ತಾಳಕ್ಕೆ ಕೂತಿತು. ಅಲ್ಲಿಂದ ಶುರುವಾದದ್ದು ಇವತ್ತಿಗೂ ನಿಂತಿಲ್ಲ.

ನಮ್ಮ ಜನಕ್ಕೆ ಕೃತಿ ರಚಿಸಿದವರು ಎಂದರೆ ಗೋಡೆಯ ಪಟದಲ್ಲಿ ಹಾರ ಹಾಕಿಸಿಕೊಂಡು ಕೂತಿರಬೇಕು. ಘಾಜಿಯಾಬಾದಿನ ಫ್ಲ್ಯಾಟಿನಲ್ಲಿ ಇದ್ದುಕೊಂಡು, ತರಕಾರಿ ಗಾಡಿಯ ಭಯ್ಯಾನ ಹತ್ತಿರ ಕೊತ್ತಂಬರಿ ಕೊಸರಿಗೆ ಜಗಳಾಡುವ ಹೆಂಗಸು ಲೆಕ್ಕಕ್ಕಿಲ್ಲ. ಗಂಡ ನಿವೃತ್ತರಾದ ಮೇಲೆ ಅಲ್ಲಿಗೆ ಹೋದ ಸುಮಿತ್ರಾ, ಕನ್ನಡದ ಮಕ್ಕಳಿಗೆ ಹೇಳುತ್ತಿದ್ದ ಭಾನುವಾರದ ಸಂಗೀತ ಪಾಠಕ್ಕೆ ಮಾತ್ರ ಆರ್.ಕೆ.ಪುರಂಗೆ ಬರುತ್ತಿದ್ದರು. ಮಕ್ಕಳಿಗೆ ತಮ್ಮ ಹಾಡನ್ನೂ ಕಲಿಸುತ್ತಿದ್ದರು, ಆದರೆ ಯಾರದೆಂದು ಹೇಳುತ್ತಿರಲಿಲ್ಲ. ತನ್ನ ಹಾಡನ್ನು ತಾನೇ ಹೊಗಳಿಕೊಂಡ ಹಾಗಾಗುತ್ತದೆಂಬ ಸಂಕೋಚ.

ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿತ್ತು. ಅವರ ಪ್ರತಿ ಹಾಡಿನ ಕೊನೆಯ ಸಾಲಿನಲ್ಲಿ ನಾಲ್ಕಕ್ಷರದ ಜಾಗ ಖಾಲಿ. ಅಲ್ಲಿ ಬರಬೇಕಾದದ್ದು ಅಂಕಿತ, ಎಂದರೆ ಹಾಡು ಕಟ್ಟಿದವರ ಗುರುತು. ಹರಿದಾಸರ ಪದ್ಧತಿಯಲ್ಲಿ ಅಂಕಿತವನ್ನು ಗುರು ಕೊಡಬೇಕು. ಮೈಸೂರಿನ ಅವರ ಗುರು ಗಿರಿಜಮ್ಮ ಈ ವಿಷಯದಲ್ಲಿ ಬಲು ಖಡಕ್ಕು. ತಾನೇ ಒಂದು ಅಂಕಿತ ಇಟ್ಟುಕೊಂಡು ಬಂದ ಹುಡುಗಿಯೊಬ್ಬಳಿಗೆ ಎಲ್ಲರೆದುರೂ ಅವರು ನೀರಿಳಿಸಿದ್ದನ್ನು ಸುಮಿತ್ರಾ ಕಣ್ಣಾರೆ ಕಂಡಿದ್ದರು. ಹಾಗಾಗಿ ಕಾದರು. ಪ್ರತಿ ಬೇಸಿಗೆಯಲ್ಲೂ ಮೈಸೂರಿಗೆ ಹೋಗಿ ಗುರುಗಳ ಮುಂದೆ ಕೂತು ಬಂದರು. ಗಿರಿಜಮ್ಮ ಕೊಡಲಿಲ್ಲ, ಒಂದು ದಿನ ಕಣ್ಣು ಮುಚ್ಚಿಯೂಬಿಟ್ಟರು. ಅಂಕಿತದ ಜಾಗದಲ್ಲಿ 'ಆ...' ಎಂದು ಬರಿಯ ಆಲಾಪ ಮಾಡಿಸುವುದನ್ನು ಸುಮಿತ್ರಾ ಮುಂದುವರಿಸಿದರು. "ಕಲ್ಲು ಮನಸ್ಸಿನ ಹೆಂಗಸು" ಎಂದು ನಾರಾಯಣಸ್ವಾಮಿ ಈಗಲೂ ಆ ಗುರುಗಳನ್ನು ಬೈಯುತ್ತಾರೆ.

ಯಮುನೆಯ ಹಾಡು ಹುಟ್ಟಿದ್ದು ಪಾಠಕ್ಕೆ ಬರುವ ದಾರಿಯಲ್ಲಿ. ಮೆಟ್ರೋ ಕಾಲಿಂದಿ ಕುಂಜ್ ಹತ್ತಿರ ನದಿ ದಾಟುತ್ತಿತ್ತು. ಕೆಳಗೆ ಕಪ್ಪು ನೀರು, ಅದರ ಮೇಲೆ ಕಾರ್ಖಾನೆಯ ಬಿಳಿ ನೊರೆ, ಆ ನೊರೆಯ ನಡುವೆ ಸೊಂಟದವರೆಗೆ ಇಳಿದು ಸೂರ್ಯನಿಗೆ ಕೈಮುಗಿದ ಹೆಂಗಸರು. 'ನೊರೆಯ ಸೀರೆಯನುಟ್ಟು ನಿಂತೆಯೇಕಮ್ಮ' ಎಂಬ ಪಲ್ಲವಿ ಇಳಿಯುವ ನಿಲ್ದಾಣ ಬರುವಷ್ಟರಲ್ಲಿ ಸಿದ್ಧವಾಗಿತ್ತು. ಶೋಕಕ್ಕೆ ಹೆಸರಾದ ಶುಭಪಂತುವರಾಳಿ ರಾಗದಲ್ಲಿ ಕೂರಿಸಿದರು. ಯಮುನೆಯ ಮೇಲಿನ ಹಾಡು ಯಮುನಾಕಲ್ಯಾಣಿಯಲ್ಲಿದ್ದರೆ ಚೆನ್ನಿತ್ತಲ್ಲವೇ ಎಂದು ಗಂಡ ಕೇಳಿದಾಗ, "ಆ ನೀರು ನೋಡಿದ್ಮೇಲೂ ಕಲ್ಯಾಣಿ ಹಾಡೋಕೆ ಬಾಯಿ ಬರುತ್ತೇನ್ರೀ?" ಎಂದರು. ಅದು ತಮ್ಮ ಹಾಡುಗಳಲ್ಲೆಲ್ಲ ಒಳ್ಳೆಯದೆಂದು ಅವರಿಗೇ ಗೊತ್ತಿತ್ತು.

ಕಳೆದ ನವೆಂಬರಿನಲ್ಲಿ ಕನ್ನಡದವರ ಸಂಘವೊಂದರ ರಾಜ್ಯೋತ್ಸವ. ದಾವಣಗೆರೆಯ ಹುಡುಗ ವರುಣ್ ಹಾಡಲು ಕೂತ. ನೋಯ್ಡಾದ ಐಟಿ ಕಂಪನಿಯಲ್ಲಿ ಕೆಲಸ, ಸೊಗಸಾದ ಕಂಠ. "ಇದು ಹಳೆಯ ಹರಿದಾಸರೊಬ್ಬರ ಕೃತಿ, ಹೆಸರು ಗೊತ್ತಿಲ್ಲ" ಎಂದು ಹೇಳಿ ಶುರುಮಾಡಿದ್ದು ಸುಮಿತ್ರಾ ಅವರ ಯಮುನೆಯ ಹಾಡನ್ನು. ಎರಡನೆಯ ಸಾಲಿನಲ್ಲಿ ಕೂತಿದ್ದ ಸುಮಿತ್ರಾ ನೆಟ್ಟಗಾದರು. ಹುಡುಗ ಮನಸ್ಸಿಟ್ಟೇ ಹಾಡಿದ. ಕೊನೆಯ ಸಾಲಿಗೆ ಬಂದಾಗ, ಖಾಲಿ ಜಾಗದಲ್ಲಿ ಆಲಾಪ ಮಾಡಲಿಲ್ಲ. 'ಗೋಪಾಲನ' ಎಂದು ತುಂಬಿಸಿ 'ಗೋಪಾಲನ ಸಖಿಯೆ' ಎಂದು ಮುಗಿಸಿಬಿಟ್ಟ. ಅದು ತಾಳಕ್ಕೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು.

ಚಪ್ಪಾಳೆಯೋ ಚಪ್ಪಾಳೆ. ಸಂಘದ ಕಾರ್ಯದರ್ಶಿ ಸೂರ್ಯನಾರಾಯಣ ಮೈಕು ಹಿಡಿದರು. ಈ ಕೃತಿಗೆ ಇನ್ನೂರು ವರ್ಷವಾದರೂ ಆಗಿರಬೇಕು, ಮಳೆಗಾಲದ ಯಮುನೆಯ ಹಾಲಿನಂಥ ನೊರೆಯನ್ನು ದಾಸರು ಕಣ್ಣಿಗೆ ಕಟ್ಟಿದ್ದಾರೆ, ಇಂಥದ್ದನ್ನು ಬರೆಯುವವರು ಈಗೆಲ್ಲಿದ್ದಾರೆ ಎಂದು ಕೊರೆದರು. ನಾರಾಯಣಸ್ವಾಮಿ ಹೆಂಡತಿಯ ಮೊಣಕೈ ತಿವಿದು, "ಎದ್ದು ಹೇಳೇ" ಎಂದರು. ಸುಮಿತ್ರಾ ಏಳಲಿಲ್ಲ. ಮನೆಗೆ ಬಂದ ಮೇಲೆ ಮಾತ್ರ, "ಇನ್ನು ನನ್ನ ಹಾಡು ನಂದಲ್ಲ. ನಾನು ಸತ್ರೆ ಅದು ಗೋಪಾಲದಾಸರದ್ದೇ" ಎಂದು ಅತ್ತರು. ಮುಂದಿನ ಭಾನುವಾರದ ಪಾಠಕ್ಕೂ ಹೋಗಲಿಲ್ಲ.

ನಾರಾಯಣಸ್ವಾಮಿಗೆ ತಡೆಯಲಾಗಲಿಲ್ಲ. ವರುಣನಿಗೆ ಆ ಹಾಡು ಕಲಿಸಿದವಳು ಅವನ ಆಫೀಸಿನಲ್ಲೇ ಇರುವ ಸಿಂಚನಾ, ಸುಮಿತ್ರಾ ಅವರ ಹಳೆಯ ಶಿಷ್ಯೆ ಎಂದು ಪತ್ತೆಮಾಡಿ ಅವಳಿಗೆ ಫೋನ್ ಹಚ್ಚಿದರು. ಶನಿವಾರ ಇಬ್ಬರೂ ಘಾಜಿಯಾಬಾದಿಗೆ ಬಂದು ತಲೆ ತಗ್ಗಿಸಿ ಸೋಫಾದ ಅಂಚಿನಲ್ಲಿ ಕೂತರು.

"ಸಾರಿ ಆಂಟಿ," ಎಂದ ವರುಣ್. "ಅಂಕಿತ ಎಲ್ಲೋ ಕಳೆದುಹೋಗಿದೆ ಅಂದ್ಕೊಂಡೆ."

"ಟೀಚರ್, ಆಪ್‌ನೇ ಕಭೀ ಬತಾಯಾ ಹೀ ನಹೀಂ," ಎಂದಳು ದೆಹಲಿಯ ಪೀತಮ್‌ಪುರದಲ್ಲೇ ಬೆಳೆದ ಸಿಂಚನಾ. "ನೀವು ಹೇಳ್ದೇ ಇದ್ದಿದ್ದಕ್ಕೆ, ಕಲಿತಾಗಿಂದ ಹಳೇದು ಅಂತಾನೇ ಸೋಚ್ತಿದ್ದೆ."

ಸುಮಿತ್ರಾ ಕಾಫಿ ಕೊಟ್ಟು, ಅಂಕಿತದ ಕಥೆಯನ್ನೆಲ್ಲ ಹೇಳಿದರು. ಹುಡುಗ ಲೋಟ ಕೆಳಗಿಟ್ಟ.

"ಇಷ್ಟು ಒಳ್ಳೇ ಹಾಡು ಕೇಳಿಯೂ ನಿಮ್ಮ ಗುರುಗಳು ಕೊಡಲಿಲ್ವಾ ಆಂಟಿ? ಯಾವ ಹಾಡು ಹಾಡಿ ತೋರಿಸಿದ್ರಿ?"

ಸುಮಿತ್ರಾ ಉತ್ತರ ಕೊಡಲು ಬಾಯಿ ತೆರೆದರು. ಮೈಸೂರಿನ ಆ ಜಗಲಿ ಕಣ್ಣ ಮುಂದೆ ಬಂತು. ಗಿರಿಜಮ್ಮ ಕಲಿಸಿದ್ದನ್ನೇ ಗಿರಿಜಮ್ಮನಿಗೆ ಹಾಡಿ ಒಪ್ಪಿಸಿ, ನಮಸ್ಕಾರ ಮಾಡಿ ಎದ್ದು ಬಂದ ಬೇಸಿಗೆಗಳು ಬಂದವು.

"ಯಾವುದೂ ಇಲ್ಲ," ಎಂದರು ಮೆಲ್ಲಗೆ. "ನಾನು ಹಾಡು ಕಟ್ತೀನಿ ಅಂತಲೇ ಅವರಿಗೆ ಗೊತ್ತಿರಲಿಲ್ಲ."

ನಾರಾಯಣಸ್ವಾಮಿ ಪೇಪರು ಕೆಳಗಿಳಿಸಿದರು. ಸತ್ತ ಮುದುಕಿಯನ್ನು ಇಷ್ಟು ವರ್ಷ ಸುಮ್ಮನೆ ಬೈದೆನಲ್ಲ ಎಂದು ಹಣೆ ಚಚ್ಚಿಕೊಂಡರು. ಸುಮಿತ್ರಾ ಅವರಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಕೊಡಲಿಲ್ಲವೆಂದು ಯಾರ ಮೇಲೆ ಕೊರಗುತ್ತಿದ್ದರೋ, ಅವರಿಗೆ ಕೊಡುವ ಅವಕಾಶವನ್ನೇ ಕೊಟ್ಟಿರಲಿಲ್ಲ.

ಸೆರಗಿನಿಂದ ಮುಖ ಒರೆಸಿಕೊಂಡು ಶ್ರುತಿಪೆಟ್ಟಿಗೆ ಹಚ್ಚಿದರು. ಪಲ್ಲವಿಯಿಂದ ಹಾಡಿ ಕೊನೆಯ ಸಾಲಿಗೆ ಬಂದು, 'ಸುಮಿತ್ರೆಯ ಸಖಿಯೆ' ಎಂದರು. ಮೊದಲ ಸಲ ಸ್ವರ ನಡುಗಿ ತಾಳ ತಪ್ಪಿತು. ಇನ್ನೊಮ್ಮೆ ಹಾಡಿದಾಗ ಸರಿಯಾಗಿ ಕೂತಿತು.

"ಈಗ ನೀನು ಹಾಡು," ಎಂದರು ವರುಣನಿಗೆ.

ಅವನು ತಡವರಿಸಿದ. "ಎದುರಿಗೆ ಕೂತಿದ್ದೀರಿ. ನಿಮ್ಮನ್ನ ಹಾಗೆ ಬರೀ ಹೆಸರು ಹಿಡಿದು ಹೇಗೆ ಕರೀಲಿ ಆಂಟಿ?"

"ಕರೆಯಪ್ಪಾ," ಎಂದರು ಸುಮಿತ್ರಾ. "ನಾನಿದ್ದಾಗಲೇ ಒಂದ್ಸಲ ಕೇಳ್ತೀನಿ."