ತಜ್ಞರಿಗೆ ಹಲ್ಲಿರಲಿಲ್ಲ

ಒಡವೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿಗೆ ಕೂತು ಮೂವತ್ತೈದು ವರ್ಷ ಮುತ್ತು ಪೋಣಿಸಿದವರೊಬ್ಬರಿದ್ದರು. ಅಂಗಡಿಯವರೆಲ್ಲ ಅವರನ್ನು ‘ತಜ್ಞರು’ ಎಂದೇ ಕರೆಯುತ್ತಿದ್ದರು. ಅಂಗಡಿಯ ಹಳೆಯ ಸಾಹುಕಾರರು ಹಿಂದೊಮ್ಮೆ ಸಿಟ್ಟಾದ ಗಿರಾಕಿಯೊಬ್ಬರನ್ನು ಸಮಾಧಾನ ಮಾಡಲು, ಒಳಗೆ ನಮ್ಮ ತಜ್ಞರಿದ್ದಾರೆ, ಕೇಳಿಕೊಂಡು ಬರುತ್ತೇನೆ ಎಂದು ಬಾಯಿಗೆ ಬಂದದ್ದು ಹೇಳಿದ್ದರು. ಆಗ ಒಳಗಿದ್ದದ್ದು ಕೆಲಸಕ್ಕೆ ಸೇರಿ ಒಂದೂವರೆ ತಿಂಗಳಾಗಿದ್ದ, ಸೂಜಿಯಲ್ಲಿ ಬೆರಳು ಚುಚ್ಚಿಕೊಂಡು ಚೀಪುತ್ತಿದ್ದ ಇವರೊಬ್ಬರೇ. ಹೆಸರು ಮೊದಲೇ ಬಂತು, ವಿದ್ಯೆ ಆಮೇಲೆ ಕುಂಟಿಕೊಂಡು ಬಂತು ಎಂದು ಅವರೇ ಹೇಳಿ ನಗುತ್ತಿದ್ದರು.

ಆ ವಿದ್ಯೆ ಎಂದರೆ ಹೆಚ್ಚುಕಡಿಮೆ ಅವರ ಮುಂದಿನ ಎರಡು ಹಲ್ಲು. ಮುತ್ತನ್ನು ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಬೇಕು. ಚಿಪ್ಪಿನೊಳಗೆ ಬೆಳೆದದ್ದಾದರೆ ಸಣ್ಣ ಮರಳಿನ ಹಾಗೆ ತರಿತರಿ ಎನ್ನುತ್ತದೆ. ಗಾಜಿಗೋ ಪ್ಲಾಸ್ಟಿಕ್ಕಿಗೋ ಬಣ್ಣ ಬಳಿದದ್ದಾದರೆ ನುಣ್ಣಗೆ ಜಾರುತ್ತದೆ. ಸಮುದ್ರದ್ದೋ ಸಿಹಿನೀರಿನದೋ ಎಂಬುದನ್ನು ಹಲ್ಲು ಹೇಳುವುದಿಲ್ಲ. ಅದಕ್ಕೆ ಭೂತಗನ್ನಡಿ ಹಿಡಿದು ದಾರ ಹೋಗುವ ತೂತನ್ನೂ ಮೈಯ ಹೊಳಪನ್ನೂ ತಾಳ್ಮೆಯಿಂದ ನೋಡಬೇಕು. ಆದರೆ ಭೂತಗನ್ನಡಿ ಯಾರು ಬೇಕಾದರೂ ಹಿಡಿಯುತ್ತಾರೆ. ತಜ್ಞರು ಕಣ್ಣು ಮುಚ್ಚಿ, ಮುತ್ತು ಉಜ್ಜಿ, ಹುಬ್ಬು ಗಂಟಿಕ್ಕಿ, ಆಮೇಲೆ ಒಂದೇ ಕಣ್ಣು ತೆರೆಯುತ್ತಿದ್ದರು. ಕಣ್ಣು ಮುಚ್ಚುವುದರಿಂದ ಏನೂ ಪ್ರಯೋಜನವಿರಲಿಲ್ಲ. ನೋಡುವವರಿಗೆ ಭಕ್ತಿ ಬರುತ್ತಿತ್ತು, ಅಷ್ಟೇ.

ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ, ಅಂಗಡಿಯ ಗಾಜಿನಲ್ಲಿ ತಮ್ಮ ಹೊಸ ಅಂಗಿಯ ಅಂದ ನೋಡಿಕೊಳ್ಳುತ್ತಾ ಮೆಟ್ಟಿಲು ಹತ್ತುವಾಗ ಎಡವಿ, ಮುಖ ಅಡಿಯಾಗಿ ಬಿದ್ದರು. ಅಂಗಿಗೆ ಏನೂ ಆಗಲಿಲ್ಲ. ಮುಂದಿನ ಹಲ್ಲುಗಳು ಹೋದವು. ಉಳಿದ ಹಲ್ಲುಗಳೂ ಬಹಳ ದಿನ ಬಾಳುವುದಿಲ್ಲವೆಂದು ಹಲ್ಲಿನ ಡಾಕ್ಟರು ಅವನ್ನೂ ಕಿತ್ತು, ಒಂದು ಕಟ್ಟುಹಲ್ಲಿನ ಸೆಟ್ ಕೂರಿಸಿದರು.

ಸೆಟ್ ಬಂದ ಮೊದಲ ದಿನವೇ ತಜ್ಞರು ಕೋಣೆಯ ಬಾಗಿಲು ಹಾಕಿಕೊಂಡು ಒಂದು ಅಸಲಿ ಮುತ್ತನ್ನು ಉಜ್ಜಿ ನೋಡಿದರು. ಟಕ್ ಎಂದಿತೇ ಹೊರತು ಬೇರೇನೂ ತಿಳಿಯಲಿಲ್ಲ. ಅಂಗಿಯ ಗುಂಡಿ ಉಜ್ಜಿದರು. ಅದೂ ಟಕ್ ಎಂದಿತು. ಸ್ವಲ್ಪ ಒತ್ತಿ ಉಜ್ಜಿದಾಗ ಸೆಟ್ಟೇ ಕಳಚಿ ಮುತ್ತಿನ ಜೊತೆ ಕೈಗೆ ಬಂತು. ಕೈಯಲ್ಲಿ ಹಲ್ಲು ಹಿಡಿದು ನಿಂತ ತಮ್ಮನ್ನು ತಾವೇ ಊಹಿಸಿಕೊಂಡು ಅವರಿಗೆ ನಗು ಬಂತು, ಭಯವೂ ಆಯಿತು. ಈಗ ಅಂಗಡಿ ನಡೆಸುತ್ತಿದ್ದ ಹಳೆಯ ಸಾಹುಕಾರರ ಮಗನಿಗೆ ಇದನ್ನು ಹೇಳಲು ಮನಸ್ಸಾಗಲಿಲ್ಲ. ಭೂತಗನ್ನಡಿ ಹಿಡಿದರೆ ಗುಟ್ಟು ಬಯಲಾದೀತೆಂದು ಎರಡು ವಾರ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಅಸಲಿಯೋ ನಕಲಿಯೋ ಎಂದು ಅಂದಾಜಿನ ಮೇಲೆ ಚೀಟಿ ಬರೆದು ಕೊಟ್ಟರು. ಮೂರನೆಯ ವಾರ ಧೈರ್ಯ ಉಡುಗಿತು.

ಮನೆ ಎರಡೇ ಬೀದಿ ಆಚೆ. ಪೋಣಿಸುವ ಕೆಲಸವನ್ನು ಮನೆಗೆ ಒಯ್ಯುವ ಅನುಮತಿ ಮೊದಲಿನಿಂದಲೂ ಇತ್ತು. ಒಂದು ಮಧ್ಯಾಹ್ನ ಸಂದೇಹದ ಮುತ್ತೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಹೋದರು. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುವ ಅಭ್ಯಾಸ. ಮೂವತ್ತೆರಡಕ್ಕೆ ಮೂವತ್ತೆರಡೂ ಗಟ್ಟಿ.

ತಜ್ಞರು ಮುತ್ತನ್ನು ತೊಳೆದು, ಒರೆಸಿ, ಹತ್ತಿರ ಹೋಗಿ, “ಸ್ವಲ್ಪ ಬಾಯಿ ತೆಗಿಯೇ” ಎಂದರು.

“ಇಷ್ಟು ವರ್ಷ ಬಾಯಿ ಮುಚ್ಚು ಅಂತಿದ್ರಲ್ಲ, ಇವತ್ತೇನಾಯ್ತು?” ಎಂದರು ಆಕೆ, ಹೊಲಿಗೆ ನಿಲ್ಲಿಸದೆ.

ವಿಷಯ ತಿಳಿದ ಮೇಲೆ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಮುತ್ತನ್ನು ಉಜ್ಜಿ, ತರಿ ಇದೆ ಎಂದರು. ಅಂದಿನಿಂದ ಅದೇ ಪರಿಪಾಠವಾಯಿತು. ಊಟದ ಹೊತ್ತಿಗೆ ತಜ್ಞರು ಮುತ್ತು ತರುವುದು, ಆಕೆ ನೋಡುವುದು, ಮಧ್ಯಾಹ್ನ ಅಂಗಡಿಯಲ್ಲಿ ಇವರು ಕಣ್ಣು ಮುಚ್ಚಿ ಅದೇ ಮಾತನ್ನು ಗಂಭೀರವಾಗಿ ಒಪ್ಪಿಸುವುದು. ಕ್ರಮೇಣ ಆಕೆ ಭೂತಗನ್ನಡಿಯನ್ನೂ ಕೈಗೆ ತೆಗೆದುಕೊಂಡರು. ಗಾಜಿನದಾದರೆ ತೂತಿನ ಅಂಚಿನಲ್ಲಿ ಬಣ್ಣ ಎದ್ದಿರುತ್ತದೆ. ಸಿಹಿನೀರಿನದು ಸಾಮಾನ್ಯವಾಗಿ ಕೊಂಚ ಸೊಟ್ಟ. ಸಮುದ್ರದ ಚಿಪ್ಪಿನಲ್ಲಿ ಮಣಿ ಇಟ್ಟು ಬೆಳೆಸಿದ್ದಾದರೆ ತೂತಿನೊಳಗೆ ಮಣಿಗೂ ಮೇಲಿನ ಪದರಕ್ಕೂ ನಡುವೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಗಂಡ ಮೂವತ್ತೈದು ವರ್ಷದಲ್ಲಿ ಕಲಿತದ್ದನ್ನು ಆಕೆ ಎಂಟು ತಿಂಗಳಲ್ಲಿ ಮುಗಿಸಿದರು. ಉಳಿದ ಮೂವತ್ತನಾಲ್ಕು ಚಿಲ್ಲರೆ ವರ್ಷಗಳನ್ನು ಎಲ್ಲಿ ಕಳೆದೆ ಎಂದು ತಜ್ಞರಿಗೆ ಹೊಳೆಯಲಿಲ್ಲ.

ಒಂದು ಭಾನುವಾರ ಆಕೆ ಐದು ಬಿಡಿ ಮುತ್ತುಗಳನ್ನು ಬಟ್ಟೆಯ ಮೇಲೆ ಹರಡಿ, ಪಕ್ಕದ ಮನೆಯವರದು, ನೋಡಿ ಹೇಳಬೇಕಂತೆ ಎಂದರು. ತಜ್ಞರು ಕಿಟಕಿಗೆ ಹೋಗಿ, ಒಂದೊಂದನ್ನೂ ತಿರುಗಿಸಿ ನೋಡಿದರು. ಸಮುದ್ರದ್ದು, ಪದರ ದಪ್ಪ, ಜೋಡಿ ಹೊಂದಿಸಿದವರು ಬಲ್ಲವರು, ಇಂಥದ್ದು ಈಗ ಸುಲಭಕ್ಕೆ ಸಿಗುವುದಿಲ್ಲ ಎಂದರು. ಬರೆದುಕೊಡಿ ಎಂದಾಗ ಬರೆದು ರುಜುವನ್ನೂ ಹಾಕಿದರು. ಆಕೆ ಚೀಟಿಯನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡು, ಒಳಗಿನಿಂದ ಒಂದು ಹಳೆಯ ಪೆಟ್ಟಿಗೆ ತಂದು ತೆರೆದರು. ಉಳಿದ ಮುತ್ತುಗಳೆಲ್ಲ ಅದರಲ್ಲಿದ್ದವು.

ಪೆಟ್ಟಿಗೆಯ ಗುರುತು ಹತ್ತಿದ ಕೂಡಲೇ ತಜ್ಞರ ಕಿವಿ ಕೆಂಪಾಯಿತು. ಮದುವೆಯಾದ ವರ್ಷ ಅತ್ತೆ ತಮ್ಮ ಕತ್ತಿನಿಂದ ತೆಗೆದು ಮಗಳಿಗೆ ಕೊಟ್ಟ ಸರ ಅದು. ಆಗ ಇವರು ಕೆಲಸಕ್ಕೆ ಸೇರಿ ಮೂರು ತಿಂಗಳು. ನೋಡಿದ್ದೆಲ್ಲ ಅಕ್ಕಿಕಾಳಿನಂಥ ಅಗ್ಗದ ಸಿಹಿನೀರಿನ ಮುತ್ತು. ಇಷ್ಟು ಗುಂಡಗೆ, ಇಷ್ಟು ಸಮನಾಗಿ ಚಿಪ್ಪಿನೊಳಗೆ ಬೆಳೆಯುವುದುಂಟೇ, ಇದು ಗಾಜು ಎಂದು ನೆಂಟರೆಲ್ಲರ ಮುಂದೆ ತೀರ್ಪು ಕೊಟ್ಟಿದ್ದರು. ಹಲ್ಲಿಗೂ ಉಜ್ಜಿರಲಿಲ್ಲ. ಅತ್ತೆ “ಹೌದಾ” ಎಂದಷ್ಟೇ ಹೇಳಿ ಪೆಟ್ಟಿಗೆ ಮುಚ್ಚಿದ್ದರು. ಹೆಂಡತಿ ಆ ಸರವನ್ನು ಒಂದು ದಿನವೂ ಹಾಕಿರಲಿಲ್ಲ.

“ಅವತ್ತು ಬೆಳಕು ಸರಿ ಇರ್ಲಿಲ್ಲ” ಎಂದರು ತಜ್ಞರು.

“ಕಿಟಕಿ ಹತ್ರಾನೇ ನಿಂತಿದ್ರಿ.”

ತಜ್ಞರು ಪೆಟ್ಟಿಗೆ ಮುಚ್ಚಿ, ನಿಮ್ಮಮ್ಮನನ್ನು ನೋಡಿ ಬರೋಣ ಎಂದರು.

ಮರುದಿನವೇ ರಜೆ ಹಾಕಿ ಇಬ್ಬರೂ ಅತ್ತೆಯನ್ನು ನೋಡಲು ಹೋದರು. ಎಂಬತ್ತನಾಲ್ಕರ ಅತ್ತೆ ಕಿರಿಮಗನ ಮನೆಯ ವರಾಂಡದಲ್ಲಿ ಕೂತಿದ್ದರು. ಕಿವಿ ಮಂದ. ತಜ್ಞರು ಮೆಲುದನಿಯಲ್ಲಿ ತಪ್ಪೊಪ್ಪಿಕೊಂಡರು, ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಿದರು, ಅರ್ಧ ಕೇಳಿಸಿತು. ಕೊನೆಗೆ, ನಾನು ದಡ್ಡ, ಆ ಮುತ್ತು ಅಸಲಿ ಎಂದು ಕೂಗಿದಾಗ ಮೇಲಿನ ಮನೆಯವರೂ ಬಗ್ಗಿ ನೋಡಿದರು.

“ಗೊತ್ತು” ಎಂದರು ಅತ್ತೆ. ಅದನ್ನು ತಂದುಕೊಟ್ಟಿದ್ದು ಹಡಗಿನಲ್ಲಿ ಕೆಲಸಕ್ಕಿದ್ದ ತಮ್ಮ ಅಣ್ಣ, ಬೆಳೆಸಿದವರ ಕೈಯಿಂದಲೇ ಕೊಂಡು ತಂದಿದ್ದ ಎಂದು ನಿಧಾನವಾಗಿ ಹೇಳಿದರು. “ನಿಮಗೆ ಹೊಸ ಕೆಲಸ. ಅಷ್ಟು ಜನರ ಮುಂದೆ ತಿದ್ದಿದ್ರೆ ನಾಳೆ ನಿಮ್ಮ ಮಾತು ಯಾರು ನಂಬ್ತಿದ್ರು? ಒಂದೆರಡು ತಿಂಗಳಲ್ಲಿ ನಿಮಗೇ ತಿಳಿಯುತ್ತೆ ಅಂದ್ಕೊಂಡೆ.” ಆಮೇಲೆ ಅಳಿಯನ ಮುಖ ನೋಡಿ, “ತಡವಾಯ್ತು” ಎಂದರು.

ತಜ್ಞರು ನಕ್ಕುಬಿಟ್ಟರು. ಆದರೆ ಮಗಳಿಗೆ ನಗು ಬರಲಿಲ್ಲ. “ಇವರ ಮಾನ ಉಳೀಲಿ ಅಂತ ನನ್ನ ಕತ್ತು ಬರಿದು ಮಾಡಿದ್ಯಲ್ಲಮ್ಮ” ಎಂದರು ಆಕೆ. ಅದು ಅತ್ತೆಗೆ ಕೇಳಿಸಿತು. ಮಗಳ ಕೈ ಹಿಡಿದುಕೊಂಡವರು ಇಬ್ಬರೂ ಹೊರಡುವವರೆಗೂ ಬಿಡಲಿಲ್ಲ.

ಮರುದಿನ ತಜ್ಞರು ನೇರವಾಗಿ ಸಾಹುಕಾರರ ಮಗನ ಮುಂದೆ ನಿಂತು, ಕಟ್ಟುಹಲ್ಲಿನಿಂದ ಹಿಡಿದು ಹೆಂಡತಿಯ ಹಲ್ಲಿನವರೆಗೆ ಎಲ್ಲವನ್ನೂ ಹೇಳಿದರು. ಆತ ಮೊದಲು ಸಿಟ್ಟಾದರು, ಆಮೇಲೆ ನಕ್ಕರು, ಕೊನೆಗೆ ಆಕೆಯನ್ನು ಕರೆದುಕೊಂಡು ಬನ್ನಿ ಎಂದರು. ಆಕೆ ಸುಮ್ಮನೆ ಒಪ್ಪಲಿಲ್ಲ. ಒರಗಿಕೊಳ್ಳುವ ಕುರ್ಚಿ ಬೇಕು, ಚೀಟಿಗೆ ತಮ್ಮದೇ ರುಜು ಬೀಳಬೇಕು, ಗಂಡ ಕಣ್ಣು ಮುಚ್ಚುವ ಆಟ ನಿಲ್ಲಿಸಬೇಕು ಎಂದರು. ಮೂರೂ ನಡೆದವು.

ಆಕೆ ಕೆಲಸಕ್ಕೆ ಬಂದ ವಾರವೇ, ಆ ಎರಡು ವಾರ ಅಂದಾಜಿನ ಮೇಲೆ ಬರೆದ ಚೀಟಿಗಳ ಒಡವೆಗಳನ್ನೆಲ್ಲ ವಾಪಸ್ ತರಿಸಿ ನೋಡಿದರು. ಎರಡು ತಪ್ಪಾಗಿದ್ದವು. ಆ ಗಿರಾಕಿಗಳಿಗೆ ಫೋನ್ ಮಾಡುವ ಕೆಲಸ ತಜ್ಞರ ಪಾಲಿಗೆ ಬಂತು. ಮೊದಲನೆಯವರು ಚೆನ್ನಾಗಿ ಬೈದರು. ಎರಡನೆಯವರು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ನಿಮ್ಮಾಕೆಯೇ ಇನ್ನೊಂದು ಸರ ನೋಡಿಕೊಡಲಿ ಎಂದರು. ತಜ್ಞರು ರಿಸೀವರನ್ನು ಹೆಂಡತಿಯ ಕೈಗೆ ಕೊಟ್ಟು, ಸೂಜಿಗೆ ದಾರ ಪೋಣಿಸಲು ಕೂತರು.