ಚೌಕಾಸಿಯ ಊರಿನಲ್ಲಿ ರಿಯಾಯಿತಿ ಕಾರ್ಡು

ಬೀದರಿನ ಚಿದ್ರಿಯಲ್ಲಿ ನಾನೂ ನನ್ನ ಭಾವಮೈದುನನೂ ಒಂದು ಕಚೇರಿ ತೆರೆದೆವು. ನಮ್ಮ ಕಾರ್ಡು ಕೊಂಡವರಿಗೆ ಬೀದರ, ಭಾಲ್ಕಿ, ಔರಾದಿನ ಗ್ಯಾರೇಜುಗಳಲ್ಲಿ ಕಾರು ರಿಪೇರಿಗೆ ರಿಯಾಯಿತಿ. ಪಾನಾ ಹಿಡಿದು ನಟ್ಟು ಬಿಚ್ಚಲು ಇಬ್ಬರಿಗೂ ಬಾರದಾದ್ದರಿಂದ ನಮ್ಮ ಕೆಲಸಕ್ಕೆ ಮ್ಯಾನೇಜ್‌ಮೆಂಟ್ ಎಂದು ಹೆಸರಿಟ್ಟೆವು.

ಚೌಕಾಸಿ ಮಾಡದೆ ಕೊತ್ತಂಬರಿ ಕಟ್ಟನ್ನೂ ಕೊಳ್ಳದ ಊರಿದು. ಗಿರಾಕಿಗಳು ಮೊದಲು ಚೌಕಾಸಿ ಮುಗಿಸಿ, ಆಮೇಲೆ ಜೇಬಿನಿಂದ ಕಾರ್ಡು ತೆಗೆಯುತ್ತಿದ್ದರು. ಗ್ಯಾರೇಜಿನ ಮಿಸ್ತ್ರಿಗಳೇನು ದಡ್ಡರೇ? ಕಾರ್ಡು ಇದೆಯೇ ಎಂದು ಮೊದಲೇ ಕೇಳಿ, ಇದ್ದವರಿಗೆ ರೇಟು ಏರಿಸತೊಡಗಿದರು.

ಒಮ್ಮೆ ಹಲಬರ್ಗಾದ ಹತ್ತಿರ ನನ್ನದೇ ಕಾರು ಕೆಟ್ಟು ನಿಂತಿತು. ಭಾಲ್ಕಿಯಿಂದ ಬಂದ ಮಿಸ್ತ್ರಿಗೆ ನಾನು ಯಾರೆಂದು ತಿಳಿಯದು. ಮಾಲೀಕನ ಗತ್ತಿನಲ್ಲಿ ಕಾರ್ಡು ಚಾಚಿದೆ. ಅವನು ದನಿ ತಗ್ಗಿಸಿ, "ಅದನ್ನ ಒಳಗ ಇಟ್ಕೋರಿ ಸಾಹೇಬ್ರ. ಕಾರ್ಡ್ ಇಲ್ದವ್ರಿಗಿ ಸಸ್ತಾದಾಗ ಮಾಡ್ತೇನಿ" ಎಂದ.

ನಾನು ಕಾರ್ಡನ್ನು ಒಳಗಿಟ್ಟು ಚೌಕಾಸಿಗೆ ನಿಂತೆ.